ನಾಯಿಯ ಫಿಟ್ಸ್ ಮಾತ್ರೆ: ಹೊತ್ತು ತಪ್ಪಿಸಬೇಡಿ

ಮಿದುಳಿನ ನರಕೋಶಗಳು ಅಂಕೆ ಮೀರಿ ಒಟ್ಟಿಗೇ ಕೆರಳಿದಾಗ ನಾಯಿಗೆ ಫಿಟ್ಸ್ ಬರುತ್ತದೆ. ಪಶುವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಫಿನೋಬಾರ್ಬಿಟಾಲ್ ಈ ಕೆರಳುವಿಕೆಯನ್ನು ತಗ್ಗಿಸುತ್ತದೆ. ಆದರೆ ರಕ್ತದಲ್ಲಿ ಔಷಧಿಯ ಮಟ್ಟ ಏರುಪೇರಾಗದೆ ಇದ್ದರೆ ಮಾತ್ರ ಅದರಿಂದ ಪೂರ್ತಿ ರಕ್ಷಣೆ. ಆ ಮಟ್ಟಕ್ಕೆ ಬರಲು ಸುಮಾರು 2 ವಾರ ಹಿಡಿಯುತ್ತದೆ. ಅಷ್ಟರೊಳಗೆ ಮತ್ತೆ ಫಿಟ್ಸ್ ಬಂದರೆ ವೈದ್ಯರಿಗೆ ತಿಳಿಸಿ. ಪ್ರಮಾಣವನ್ನು ನೀವೇ ಹೆಚ್ಚಿಸಬೇಡಿ.

ಕೊಡುವ ಕ್ರಮ

ಫಿನೋಬಾರ್ಬಿಟಾಲ್ ಅನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡಬೇಕು. ಬೆಳಿಗ್ಗೆ 7, ರಾತ್ರಿ 7 ಎಂದು ಮೊಬೈಲ್‌ನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಬಾಳೆಹಣ್ಣಿನ ತುಂಡಿನಲ್ಲೋ ಬೇಯಿಸಿದ ಕೋಳಿಮಾಂಸದಲ್ಲೋ ಮಾತ್ರೆ ಅಡಗಿಸಿ ಕೊಟ್ಟು, ನುಂಗುವವರೆಗೂ ಅಲ್ಲೇ ಇರಿ. ಕೆಲವು ನಾಯಿಗಳು ಆಮೇಲೆ ಮೂಲೆಗೆ ಹೋಗಿ ಉಗುಳುತ್ತವೆ. ಮನೆಯಲ್ಲಿ ಇಬ್ಬರು ಮಾತ್ರೆ ಕೊಡುವವರಿದ್ದರೆ, ಕೊಟ್ಟವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಲಿ. ಒಂದು ಹೊತ್ತು ಮರೆತರೆ ವೈದ್ಯರಿಗೆ ಫೋನ್ ಮಾಡಿ ಕೇಳಿ. ಎರಡು ಹೊತ್ತಿನದನ್ನು ಒಟ್ಟಿಗೆ ಕೊಡಲೇಬೇಡಿ.

ಫಿನೋಬಾರ್ಬಿಟಾಲ್ 30 ಮತ್ತು 60 ಮಿಲಿಗ್ರಾಂ ಮಾತ್ರೆಗಳಲ್ಲಿ ಸಿಗುತ್ತದೆ. ಹೊಸ ಸ್ಟ್ರಿಪ್ ತಂದಾಗಲೆಲ್ಲ ಚೀಟಿಯ ಜೊತೆ ಹೋಲಿಸಿ ನೋಡಿ. ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಇದು ಸಿಗದಿರಬಹುದು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತಂದಿಡಿ. ಯಾಕೆಂದರೆ ಔಷಧಿ ಥಟ್ಟನೆ ನಿಂತರೆ ಪ್ರಾಣಕ್ಕೇ ಕುತ್ತು ತರುವಂಥ ಫಿಟ್ಸ್ ಬರಬಹುದು. ನಾಯಿ ತಿಂಗಳುಗಟ್ಟಲೆ ಚೆನ್ನಾಗಿದ್ದರೂ ನೀವಾಗಿ ನಿಲ್ಲಿಸಬೇಡಿ.

ಬೇರೆ ಔಷಧಿಗಳಾದರೆ

ಪೊಟ್ಯಾಸಿಯಂ ಬ್ರೋಮೈಡ್ ಕೊಡುತ್ತಿದ್ದರೆ ಊಟದ ಉಪ್ಪಿನ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗಬಾರದು. ಉಪ್ಪು ಹೆಚ್ಚಾದರೆ ಬ್ರೋಮೈಡ್ ಮೂತ್ರದಲ್ಲಿ ಬೇಗ ಹೊರಹೋಗಿ ರಕ್ಷಣೆ ಕುಸಿಯುತ್ತದೆ. ಒಂದು ದಿನ ಸಾಂಬಾರ್ ಅನ್ನ, ಇನ್ನೊಂದು ದಿನ ಚಿಪ್ಸ್ ಎಂದು ಹಾಕುವುದು ಇಲ್ಲಿ ನಿಜಕ್ಕೂ ಅಪಾಯ. ಲೆವೆಟಿರಾಸೆಟಮ್ ಸಾಮಾನ್ಯ ಮಾತ್ರೆಯನ್ನು 8 ಗಂಟೆಗೊಮ್ಮೆ ಕೊಡಬೇಕಾಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯನ್ನು ಮುರಿಯಬಾರದು, ಪುಡಿ ಮಾಡಬಾರದು. ಮನುಷ್ಯರ ಸಿರಪ್‌ಗಳಲ್ಲಿ ಸಿಹಿಗಾಗಿ ಕ್ಸೈಲಿಟಾಲ್ ಇರಬಹುದು. ಅದು ನಾಯಿಗೆ ವಿಷ.

ಗಮನಿಸಬೇಕಾದ್ದು

ಫಿನೋಬಾರ್ಬಿಟಾಲ್ ಶುರುವಾದ ಮೊದಲ ವಾರಗಳಲ್ಲಿ ಮಂಪರು, ತೂರಾಟ ಕಾಣಬಹುದು; ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಸಿವು, ಬಾಯಾರಿಕೆ, ಮೂತ್ರ ಹೆಚ್ಚಾಗಬಹುದು. ನೀರು ಕಡಿಮೆ ಮಾಡಬೇಡಿ, ತಿಂಡಿಗೆ ಮಾತ್ರ ಮಿತಿ ಇರಲಿ. ಕಣ್ಣು, ಒಸಡು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟ ಬಿಟ್ಟರೆ ತಡಮಾಡಬೇಡಿ. ಯಕೃತ್ತಿಗೆ ಪೆಟ್ಟು ಬಿದ್ದಿರಬಹುದು. ರಕ್ತದಲ್ಲಿನ ಔಷಧಿಯ ಮಟ್ಟವನ್ನು ಆರಂಭದಲ್ಲಿ, ಪ್ರಮಾಣ ಬದಲಿಸಿದಾಗ, ಮತ್ತೆ ಸುಮಾರು 6 ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆಯೊಂದಿಗೆ ನೋಡಿಸಬೇಕು.

ಫಿಟ್ಸ್ ಬಂದರೆ

ಕೈಗೆ ಗಡಿಯಾರ ತೆಗೆದುಕೊಳ್ಳಿ. ಮೆಟ್ಟಿಲು, ಮೇಜಿನಂಥ ಅಪಾಯಗಳಿಂದ ನಾಯಿಯನ್ನು ದೂರವಿಡಿ. ಬಾಯಿಗೆ ಕೈ, ನೀರು, ಮಾತ್ರೆ ಯಾವುದನ್ನೂ ಹಾಕಬೇಡಿ. ಈರುಳ್ಳಿ ಮೂಸಿಸುವುದರಿಂದ, ಕಬ್ಬಿಣ ಮುಟ್ಟಿಸುವುದರಿಂದ ಫಿಟ್ಸ್ ನಿಲ್ಲದು. 5 ನಿಮಿಷ ಮೀರಿದರೆ, ಅಥವಾ 24 ಗಂಟೆಯೊಳಗೆ ಮತ್ತೊಮ್ಮೆ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಫಿಟ್ಸ್ ಪೂರ್ತಿ ನಿಲ್ಲದಿದ್ದರೂ ಎದೆಗುಂದಬೇಡಿ. ಅವು ಅಪರೂಪವಾಗಿ, ಬಂದರೂ ಬೇಗ ಮುಗಿದರೆ ಅದೂ ಚಿಕಿತ್ಸೆಯ ಗೆಲುವೇ. ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂಬುದನ್ನು ಬರೆದಿಟ್ಟರೆ, ಸರಿಯಾದ ಪ್ರಮಾಣ ಗೊತ್ತುಮಾಡಲು ವೈದ್ಯರಿಗೆ ಅದಕ್ಕಿಂತ ದೊಡ್ಡ ನೆರವಿಲ್ಲ.