ವಿಂಡೋಸ್ ನಿಮ್ಮ ಇಂಟರ್ನೆಟ್ ವೇಗದಲ್ಲಿ 20% ಬಚ್ಚಿಟ್ಟುಕೊಂಡಿದೆಯೇ?

“ವಿಂಡೋಸ್ ನಿಮ್ಮ ಇಂಟರ್ನೆಟ್‌ನ 20% ತನಗೇ ಇಟ್ಟುಕೊಳ್ಳುತ್ತದೆ. ಈ ಎರಡು ಸೆಟ್ಟಿಂಗ್ ಬದಲಿಸಿ, ಡ್ರೈವ್‌ನಲ್ಲಿರುವ ಫೈಲ್ ರಾಕೆಟ್ ಥರ ಇಳಿಯುತ್ತದೆ!” ಇಂಥ ಫಾರ್ವರ್ಡ್ ಮೊಬೈಲಿಂದ ಮೊಬೈಲಿಗೆ ದಾಟಿ, ಕೊನೆಗೆ ಊರಿನ ಸೈಬರ್ ಸೆಂಟರ್ ಮುಟ್ಟುತ್ತದೆ. ಅರ್ಜಿಗೆ ಕೊನೇ ದಿನ, ಹೊರಗೆ ಸಾಲು ನಿಂತಿದೆ. ಯಾರಾದರೂ ಪ್ರಯತ್ನಿಸಿಯೇ ಬಿಡುತ್ತಾರೆ.

20%ರ ಕಥೆ 2001ರ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಯಾವುದಾದರೂ ಪ್ರೋಗ್ರಾಂ ಆದ್ಯತೆ ಕೇಳಿದರೆ ಅದಕ್ಕೆ ಎಷ್ಟರವರೆಗೆ ಕೊಡಬಹುದು ಎಂಬ ಮಿತಿ ಅದು. ಯಾರೂ ಕೇಳದಿದ್ದರೆ ಪೂರ್ತಿ 100% ಎಲ್ಲರಿಗೂ ಲಭ್ಯ ಎಂದು ಮೈಕ್ರೋಸಾಫ್ಟ್ ಆಗಲೇ ಸ್ಪಷ್ಟಪಡಿಸಿತ್ತು. ಬದಲಿಸಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಎರಡನೆಯದು ಹಾಗಲ್ಲ. ‘ಆಟೊಟ್ಯೂನಿಂಗ್’ ಆಫ್ ಮಾಡಿ ಎನ್ನುವ ಆ ಸಲಹೆ ವೇಗವನ್ನೇ ಕತ್ತರಿಸುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ ಅಶೋಕನ ಶಾಸನವಿದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಸಂದೇಶ ಅದು. (ಅದೇ ಸಂದೇಶ ಹತ್ತಿರದ ಬ್ರಹ್ಮಗಿರಿಯಲ್ಲೂ ಇದೆ. ಆ ಕಾಲದ ಫಾರ್ವರ್ಡ್ ಎನ್ನಿ.) ಈಗ ಹೀಗೆ ಊಹಿಸಿಕೊಳ್ಳಿ: ಓಲೆಗಳನ್ನು ಕಂತುಕಂತಾಗಿ ಕಳಿಸಬೇಕು, ಒಂದು ಕಂತು ‘ತಲುಪಿತು’ ಎಂಬ ಸುದ್ದಿ ವಾಪಸ್ ಬರುವವರೆಗೆ ಮುಂದಿನದು ಹೊರಡುವಂತಿಲ್ಲ. ಆಗ ದಾರಿ ಎಷ್ಟು ಅಗಲವಿದ್ದರೇನು? ಕಂತು ಚಿಕ್ಕದಾದರೆ ಕೆಲಸ ನಿಧಾನವೇ.

ದೂರದ ಸರ್ವರ್‌ನಿಂದ ಫೈಲ್ ಬರುವುದೂ ಹೀಗೆಯೇ. ದೂರ ಮತ್ತು ವೇಗ ನೋಡಿಕೊಂಡು ಈ ಕಂತನ್ನು ತಾನೇ ಹಿಗ್ಗಿಸುವ ವ್ಯವಸ್ಥೆಯೇ ಆಟೊಟ್ಯೂನಿಂಗ್. ವಿಂಡೋಸ್ ವಿಸ್ಟಾದಿಂದ ಇದೆ. ಆಫ್ ಮಾಡಿದರೆ ಕಂತು 64 ಕೆಬಿಗೆ ನಿಂತುಬಿಡುತ್ತದೆ. ಹೋಗಿಬರಲು 50 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 20 ಕಂತು, ಅಂದರೆ ಸುಮಾರು 1.3 ಎಂಬಿ. ನೀವು ದುಡ್ಡು ಕೊಟ್ಟಿರುವ 100 ಎಂಬಿಪಿಎಸ್ ಫೈಬರ್ ಸೆಕೆಂಡಿಗೆ 12.5 ಎಂಬಿ ತರಬಲ್ಲದು! ಒಂದೇ ಸಂಪರ್ಕದಲ್ಲಿ ಬರುವ ಫೈಲ್‌ಗೆ ಸಿಗುವುದು ಅದರ ಹತ್ತರಲ್ಲೊಂದು ಪಾಲು.

ಸಲಹೆ ಪೂರ್ತಿ ಕಟ್ಟುಕಥೆಯೇನಲ್ಲ. ವಿಸ್ಟಾ ಬಂದ ಹೊಸತರಲ್ಲಿ ಕೆಲವು ಹಳೇ ರೂಟರ್‌ಗಳಿಗೆ ದೊಡ್ಡ ಕಂತು ಅರ್ಥವಾಗುತ್ತಿರಲಿಲ್ಲ, ಆಗ ಆಫ್ ಮಾಡಿದವರಿಗೆ ನಿಜಕ್ಕೂ ಉಪಯೋಗವಾಗಿತ್ತು. ಆ ರೂಟರ್‌ಗಳು ಗುಜರಿಗೆ ಹೋದರೂ ಮೆಸೇಜ್ ಮಾತ್ರ ಓಡಾಡುತ್ತಲೇ ಇದೆ. ಈಗಾಗಲೇ ಆಫ್ ಮಾಡಿದ್ದರೆ, ಅದೇ ಕಮಾಂಡ್‌ನಲ್ಲಿ ‘ಡಿಸೇಬಲ್ಡ್’ ಬದಲು ‘ನಾರ್ಮಲ್’ ಎಂದು ಬರೆದು ಇನ್ನೊಮ್ಮೆ ಓಡಿಸಿ. ಮೆಸೇಜ್ ಜೊತೆ ಬರುವ ‘ಸ್ಪೀಡ್ ಬೂಸ್ಟರ್’ ಫೈಲನ್ನಂತೂ ಅಡ್ಮಿನ್ ಅನುಮತಿ ಕೊಟ್ಟು ತೆರೆಯಲೇಬೇಡಿ. ಆ ಕಂಪ್ಯೂಟರ್‌ನಲ್ಲಿ ಊರಿನವರ ಆಧಾರ್, ಪಹಣಿ ಎಲ್ಲ ಇರುತ್ತದೆ.

ಅಂಗಡಿಯೊಳಗಿನ ಇನ್ನೊಂದು ಕಂಪ್ಯೂಟರ್‌ನಿಂದಲೇ ಫೈಲ್ ನಿಧಾನವಾಗಿ ಬರುತ್ತಿದೆಯೇ? ಆಗ ಸೆಟ್ಟಿಂಗ್ ಬಿಟ್ಟು ಕೇಬಲ್ ನೋಡಿ. ಗಿಗಾಬಿಟ್ ವೇಗಕ್ಕೆ ಒಳಗಿನ ಎಂಟೂ ತಂತಿ ಬೇಕು. ಒಂದು ತುಂಡಾದರೂ ಸಂಪರ್ಕ ಸಾಮಾನ್ಯವಾಗಿ 100 ಎಂಬಿಪಿಎಸ್‌ಗೆ ಇಳಿಯುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ ಸ್ಪೀಡ್’ ಎಂಬ ಸಾಲಿದೆ. ಕಂಪ್ಯೂಟರ್, ರೂಟರ್ ಎರಡೂ ಗಿಗಾಬಿಟ್‌ನವಾಗಿದ್ದು ಅಲ್ಲಿ 1000 ಬದಲು 100 ಕಂಡರೆ, ಮೊದಲು ಬೇರೆ ಕೇಬಲ್ ಹಾಕಿ ನೋಡಿ.