ಮೊಲದ ಕಿವಿಯಿಂದ ಬೀಡಿಯವರೆಗೆ

ಅಮೃತಾಪುರದ ಸುತ್ತಿನ ತೋಟಗಳಲ್ಲಿ ಮಾಗಿಯ ಬೆಳಗಿನ ಕೆಲಸಕ್ಕೆ ಇಳಿಯುವವರು ಮೊದಲು ಬೀಡಿ ಹಚ್ಚುತ್ತಾರೆ. ಒಂದು ದಮ್ಮು ಎಳೆದರೆ ಚಳಿ ಬಿಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಇಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದಾಗ ಉಳಿ ಹಿಡಿದ ಶಿಲ್ಪಿಗಳಿಗೂ ಮಾಗಿಯ ಚಳಿ ಇತ್ತು, ಹೊಗೆಸೊಪ್ಪು ಇರಲಿಲ್ಲ. ಅಮೆರಿಕದ ಆ ಎಲೆ ನಮ್ಮ ಕಡೆ ಬಂದದ್ದು ಪೋರ್ಚುಗೀಸರ ಕಾಲಕ್ಕೆ. 17ನೇ ಶತಮಾನದ ಆರಂಭದಲ್ಲಿ ಮೊಗಲ್ ರಾಯಭಾರಿ ಅಸದ್ ಬೇಗ್ ಅದನ್ನು ವಿಜಯಪುರದಲ್ಲಿ ಕಂಡು ಅಕ್ಬರನಿಗೆ ಒಯ್ದುಕೊಟ್ಟ. ಪರೀಕ್ಷೆಯಾಗದ, ವೈದ್ಯಗ್ರಂಥಗಳಲ್ಲಿ ಇಲ್ಲದ ವಸ್ತು ಇದು ಎಂದು ಆಸ್ಥಾನದ ಹಕೀಮ ತಡೆದ. ಆತ ಕೇಳಿದ ಪರೀಕ್ಷೆ ನಡೆಯಲು ಮುನ್ನೂರು ವರ್ಷ ಹಿಡಿಯಿತು.

ದಾರಿ ತೆರೆದದ್ದು ತಂಬಾಕಿಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ. ಮೈಯ ಶಾಖವನ್ನು ನರಗಳು ಹೇಗೆ ಆಳುತ್ತವೆ? 1851ರಲ್ಲಿ ಪ್ಯಾರಿಸ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಕುತ್ತಿಗೆಯಲ್ಲಿ ಹಾದುಹೋಗುವ ಒಂದು ನರವನ್ನು ಕತ್ತರಿಸಿದ. ಆ ಬದಿಯ ಕಿವಿ ತಣ್ಣಗಾಗಬೇಕೆಂದು ಅವನ ಎಣಿಕೆ. ಆದದ್ದು ತದ್ವಿರುದ್ಧ: ಕಿವಿ ಕೆಂಪೇರಿ ಬಿಸಿಯಾಯಿತು. ಮರುವರ್ಷ ಬ್ರೌನ್-ಸೆಕಾರ್ ಅದೇ ನರಕ್ಕೆ ವಿದ್ಯುತ್ತು ಹಾಯಿಸಿದಾಗ ಕಿವಿ ಮತ್ತೆ ತಣ್ಣಗಾಯಿತು. ಹಾಗಾದರೆ ಆ ನರದ ಕೆಲಸ ಸಣ್ಣ ರಕ್ತನಾಳಗಳನ್ನು ಬಿಗಿಯುವುದು. ರಕ್ತ ಹರಿದಲ್ಲಿ ಬಿಸಿ, ನಾಳ ಬಿಗಿದಲ್ಲಿ ತಣ್ಪು. ಎಣಿಕೆ ತಲೆಕೆಳಗಾದಾಗ ಎಣಿಕೆಯನ್ನು ಬಿಟ್ಟು ಕಿವಿಯನ್ನು ನಂಬಿದ್ದೇ ಬರ್ನಾರ್ಡನ ದೊಡ್ಡತನ ಎಂದು ನನಗನ್ನಿಸುತ್ತದೆ.

1889ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ಮತ್ತು ಡಿಕಿನ್ಸನ್ ಈ ಜಾತಿಯ ನರಗಳ ಗಂಟುಗಳಿಗೆ ನಿಕೋಟಿನ್ ಸವರಿ ನೋಡಿದರು. ಅದು ನರಗಂಟುಗಳನ್ನು ಮೊದಲು ಕೆರಳಿಸಿ ಆಮೇಲೆ ಮಂಕಾಗಿಸುತ್ತಿತ್ತು. ತಂಬಾಕಿನ ಸಾರಕ್ಕೂ ರಕ್ತನಾಳ ಬಿಗಿಯುವ ನರಗಳಿಗೂ ನಂಟು ಸಿಕ್ಕಿತು.

ಉಳಿದದ್ದು ಮನುಷ್ಯನ ಬೆರಳು. 1932ರಲ್ಲಿ ಅಮೆರಿಕದ ಮಿಚಿಗನ್ನಿನಲ್ಲಿ ಮ್ಯಾಡಾಕ್ ಮತ್ತು ಕಾಲರ್, ಧೂಮಪಾನ ಮಾಡಿದವರ ಚರ್ಮದ ಉಷ್ಣತೆ ಅಳೆದು, ಅದು ಇಳಿಯುವುದನ್ನು ತೋರಿಸಿದರು. 1944ರಲ್ಲಿ ಮೇಯೊ ಕ್ಲಿನಿಕ್ಕಿನ ಗ್ರೇಸ್ ರಾತ್ ತಂಡ ಇನ್ನೂ ಮುಂದೆ ಹೋಯಿತು: ಕೆಲವು ಸಲ ಸಿಗರೇಟು, ಕೆಲವು ಸಲ ನೇರವಾಗಿ ರಕ್ತನಾಳಕ್ಕೆ ನಿಕೋಟಿನ್. ನಾಡಿ ಏರಿತು, ರಕ್ತದೊತ್ತಡ ಏರಿತು, ಕೈಕಾಲು ಬೆರಳು ತಣ್ಣಗಾದವು.

ಹಾಗಿದ್ದೂ ಸೇದಿದವನಿಗೆ ಬೆಚ್ಚಗೆನ್ನಿಸುವುದು ಸುಳ್ಳೇನಲ್ಲ. ಗಂಟಲಿಗೆ ಬಿಸಿ ಹೊಗೆ ತಾಗುತ್ತದೆ, ನಿಕೋಟಿನ್ ಅಡ್ರಿನಲಿನ್ ಹೊರಡಿಸಿ ಎದೆಬಡಿತ ಏರಿಸುತ್ತದೆ, ಮೈ ಉರಿಸುವ ಶಕ್ತಿಯೂ ತುಸು ಹೆಚ್ಚುತ್ತದೆ. ಆದರೆ ಚಳಿಗೆ ಮೊದಲೇ ಬಿಗಿದಿರುವ ಬೆರಳ ನಾಳಗಳನ್ನು ಅದೇ ದಮ್ಮು ಇನ್ನಷ್ಟು ಬಿಗಿಯುತ್ತದೆ. ಬೆಂಕಿ ಕಾಯಿಸಿದರೆ, ಕಂಬಳಿ ಹೊದ್ದರೆ ಹಾಗಾಗುವುದಿಲ್ಲ.

ಬರ್ಗರ್ ಕಾಯಿಲೆಯಲ್ಲಿ ಇದಕ್ಕಿಂತ ಘೋರವಾದದ್ದು ನಡೆಯುತ್ತದೆ. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ಕೈಕಾಲಿನ ರಕ್ತನಾಳಗಳು ಊದಿ, ಹೆಪ್ಪುಗಟ್ಟಿ ಮುಚ್ಚುತ್ತವೆ. ನಮ್ಮ ದೇಶದಲ್ಲಿ ಬೀಡಿ ಸೇದುವ ದುಡಿಯುವ ಗಂಡಸರಲ್ಲಿ ಇದನ್ನು ವೈದ್ಯರು ಹೆಚ್ಚು ಕಾಣುತ್ತಾರೆ. ಮೊದಲು ಪಾದ ತಣ್ಣಗೆ, ನಡೆದರೆ ನೋವು, ಕೊನೆಗೆ ಕಪ್ಪಾದ ಬೆರಳನ್ನು ತೆಗೆಯಬೇಕಾಗಬಹುದು. ತಂಬಾಕನ್ನು ಪೂರ್ತಿ ಬಿಟ್ಟವರಲ್ಲಿ ರೋಗ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ದಿನಕ್ಕೆ ಒಂದೆರಡಕ್ಕೆ ಇಳಿಸಿದರೆ ಸಾಲದು.