ನೀವು ಬರೆದ ಪ್ರೋಗ್ರಾಂ ಪಕ್ಕದ ಶಾಲೆಯಲ್ಲೂ ಓಡಬೇಕಾದರೆ



ನಿಮ್ಮಲ್ಲಿ ಹಲವರು ಪೈಥಾನ್ ಭಾಷೆಯಲ್ಲಿ ಸಣ್ಣಪುಟ್ಟ ಪ್ರೋಗ್ರಾಂ ಬರೆದಿದ್ದೀರಿ. ಕೇರಳದ ಕನ್ನಡ ಶಾಲೆಗಳಲ್ಲಿ ಓದುವವರಿಗಂತೂ ಐಸಿಟಿ ಪಾಠದಲ್ಲೇ ಪೈಥಾನ್ ಉಂಟು. ಮಗ್ಗಿ ಬರೆಸಿದ್ದಾಯ್ತು, ಸರಾಸರಿ ಲೆಕ್ಕ ಹಾಕಿದ್ದಾಯ್ತು. ಆಮೇಲೆ ಏಳುವ ಪ್ರಶ್ನೆ ಒಂದೇ: ನಾನು ಮಾಡಿದ್ದನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಜ್ಞಾನದ ಕನ್ನಡ ಪದಗಳ ಮೇಲೆ ನೀವೊಂದು ರಸಪ್ರಶ್ನೆಯ ಪ್ರೋಗ್ರಾಂ ಮಾಡಿದ್ದೀರಿ ಅನ್ನಿ. ಪರದೆಯ ಮೇಲೆ ಕಿಟಕಿ ತೆರೆಯುತ್ತದೆ, ಪ್ರಶ್ನೆ ಬರುತ್ತದೆ, ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು, ಕೊನೆಗೆ ಅಂಕ ಕಾಣಿಸುತ್ತದೆ. ಕಿಟಕಿ, ಗುಂಡಿಗಳಿಗೆ ಪೈಕ್ಯೂಟಿ ಎಂಬ ಲೈಬ್ರರಿ ಬಳಸಿದ್ದೀರಿ. ಪ್ರಶ್ನೆಗಳನ್ನು ಬೇರೆಯೇ ಒಂದು ಪಠ್ಯ ಫೈಲಿನಲ್ಲಿ ಬರೆದಿಟ್ಟಿದ್ದೀರಿ. ನಿಮ್ಮ ಲ್ಯಾಬಿನಲ್ಲಿ ಎಲ್ಲವೂ ಚೆನ್ನಾಗಿ ಓಡುತ್ತದೆ.

ಈಗ ಆ ಪೈಥಾನ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಶಾಲೆಯ ಗೆಳೆಯನಿಗೆ ಕೊಡುತ್ತೀರಿ. ಅವನು ಎರಡು ಬಾರಿ ಕ್ಲಿಕ್ ಮಾಡುತ್ತಾನೆ. ಒಂದು ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆದು ನೀವು ಬರೆದ ಸಾಲುಗಳೇ ಕಾಣುತ್ತವೆ. ಇನ್ನೊಂದರಲ್ಲಿ ಕಪ್ಪು ಕಿಟಕಿಯೊಂದು ಮಿಂಚಿ ಮಾಯ. ‘ನಮ್ಮಲ್ಲಿ ಸರಿಯಾಗಿಯೇ ಓಡ್ತಿತ್ತಲ್ಲ ಸರ್!’ ಅಂತ ನೀವು ಹೇಳುತ್ತೀರಿ. ನಿಜ, ಓಡುತ್ತಿತ್ತು. ಯಾಕೆ ಓಡುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು.

ಪ್ರಸಂಗ ಮತ್ತು ಭಾಗವತರು

ಯಕ್ಷಗಾನದ ಪ್ರಸಂಗ ಪುಸ್ತಕವೊಂದನ್ನು ಯೋಚಿಸಿ. ಕೆಲವೇ ಪುಟಗಳ ಪುಸ್ತಕ, ಕಿಸೆಯಲ್ಲೂ ಹಿಡಿಯುತ್ತದೆ. ಆದರೆ ಪುಸ್ತಕವನ್ನು ರಂಗದ ಮೇಲೆ ಇಟ್ಟ ಮಾತ್ರಕ್ಕೆ ಆಟ ಆಗುವುದಿಲ್ಲ. ಪದ ಹೇಳಲು ಭಾಗವತರು ಬೇಕು, ಚೆಂಡೆ ಮದ್ದಳೆಯ ಹಿಮ್ಮೇಳ ಬೇಕು, ಕಿರೀಟ, ಭುಜಕೀರ್ತಿ, ಬಣ್ಣ ಇರುವ ವೇಷದ ಪೆಟ್ಟಿಗೆ ಬೇಕು. ಸೊಲ್ಲಾಪುರ, ಜತ್ತದ ಕಡೆಯವರು ದೊಡ್ಡಾಟವನ್ನು ನೆನೆದರೂ ಲೆಕ್ಕ ಇದೇ.

ನಿಮ್ಮ ಪೈಥಾನ್ ಫೈಲ್ ಆ ಪ್ರಸಂಗ ಪುಸ್ತಕದ ಹಾಗೆ. ಅದು ಬರೀ ಪಠ್ಯ, ಕೆಲವು ಕೆಬಿ ಅಷ್ಟೇ. ಅದನ್ನು ಓದಿ ಕಂಪ್ಯೂಟರಿನಿಂದ ಕೆಲಸ ಮಾಡಿಸುವ ಇನ್ನೊಂದು ಪ್ರೋಗ್ರಾಂ ಬೇಕು. ಅದೇ ಇಂಟರ್‌ಪ್ರಿಟರ್, ನಮ್ಮ ಭಾಗವತರು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಕಂಪೈಲರಿನ ಮೂಲಕ ಮೊದಲೇ ಯಂತ್ರಭಾಷೆಗೆ ಬದಲಾಗುತ್ತದೆ. ಪೈಥಾನಿನಂಥ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಹಾಗಲ್ಲ, ಓಡುವಾಗಲೆಲ್ಲ ಇಂಟರ್‌ಪ್ರಿಟರ್ ಹತ್ತಿರ ಇರಲೇಬೇಕು. ನೆದರ್ಲೆಂಡ್ಸ್‌ನ ಗೈಡೊ ವಾನ್ ರೋಸಮ್ 1991ರಲ್ಲಿ ಪೈಥಾನನ್ನು ಹೊರತಂದ ದಿನದಿಂದ ಇದು ಹೀಗೆಯೇ. ಬರೆದ ಕೂಡಲೇ ಓಡಿಸಿ ನೋಡಬಹುದು ಎಂಬ ಸುಖ ಸಿಕ್ಕಿದ್ದೂ ಇದರಿಂದಲೇ, ಬೇರೆಯವರಿಗೆ ಕೊಡುವಾಗಿನ ಕಷ್ಟ ಬಂದದ್ದೂ ಇದರಿಂದಲೇ.

ಪೈಕ್ಯೂಟಿ ಲೈಬ್ರರಿ ಎಂದರೆ ಹಿಮ್ಮೇಳ. ಪ್ರಶ್ನೆಗಳ ಫೈಲ್, ಚಿತ್ರಗಳು ವೇಷದ ಪೆಟ್ಟಿಗೆ. ನಿಮ್ಮ ಲ್ಯಾಬಿನಲ್ಲಿ ಇವೆಲ್ಲ ಮೊದಲೇ ಇದ್ದವು, ಹಾಗಾಗಿ ಇವೆ ಎಂಬುದೇ ನಿಮ್ಮ ಗಮನಕ್ಕೆ ಬಂದಿರಲಿಲ್ಲ. ಗೆಳೆಯನಿಗೆ ಹೋದದ್ದು ಪ್ರಸಂಗ ಪುಸ್ತಕ ಮಾತ್ರ.

ಕೊಡುವ ಮೂರು ದಾರಿಗಳು

ಮೊದಲನೆಯದು, ‘ಬೇಕಾದ್ದನ್ನೆಲ್ಲ ನೀನೇ ಹೊಂದಿಸಿಕೋ’ ಎನ್ನುವ ದಾರಿ. ಪೈಥಾನ್ ಹಾಕಿಕೊಳ್ಳಬೇಕು, ಆಮೇಲೆ ಪಿಪ್ ಎಂಬ ಸಾಧನದಿಂದ ಲೈಬ್ರರಿಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಪ್ರೋಗ್ರಾಂ ಬರೆಯುವವರ ನಡುವೆ ಇದು ಸಲೀಸು. ಆದರೆ ಐದನೇ ತರಗತಿಯ ಮಕ್ಕಳಿಗೆ ರಸಪ್ರಶ್ನೆ ಆಡಿಸಲು ಹೊರಟ ಟೀಚರಿಗೆ, ಅದೂ ನೆಟ್ ಇಲ್ಲದ ಶಾಲೆಯಲ್ಲಿ, ಇದು ಆಗುವ ಮಾತಲ್ಲ.

ಎರಡನೆಯದು ಲಿನಕ್ಸಿನ ಪ್ಯಾಕೇಜ್ ದಾರಿ. ಕೇರಳದ ಶಾಲೆಗಳಲ್ಲಿ ಬಳಸುವ ಕೈಟ್ ಲಿನಕ್ಸ್ ಉಬುಂಟುವಿನಿಂದ ಬಂದದ್ದು, ಉಬುಂಟು ಡೆಬಿಯನ್‌ನಿಂದ ಬಂದದ್ದು. ಡೆಬಿಯನ್ ಯೋಜನೆಯನ್ನು ಇಯಾನ್ ಮರ್ಡಾಕ್ ಆರಂಭಿಸಿದ್ದು 1993ರಲ್ಲಿ. ಈ ಕುಟುಂಬದ ತಂತ್ರಾಂಶಗಳು ಡೆಬ್ ಎಂಬ ಫೈಲಿನಲ್ಲಿ ಬರುತ್ತವೆ. ಅದನ್ನು ಬಿಡಿಸಿ ನೋಡಿದರೆ ಒಳಗೆ ಮೂರು ಭಾಗ ಉಂಟು: ಡೆಬ್ ರೂಪದ ಆವೃತ್ತಿ ಹೇಳುವ ಪುಟ್ಟ ಫೈಲ್, ಪ್ಯಾಕೇಜಿನ ಹೆಸರು ಮತ್ತು ವಿವರಗಳ ಕಟ್ಟು, ಕಂಪ್ಯೂಟರಿನಲ್ಲಿ ಕೂರಬೇಕಾದ ಫೈಲುಗಳ ಕಟ್ಟು. ವಿವರಗಳಲ್ಲಿ ಒಂದು ಸಾಲು ಬಹಳ ಮುಖ್ಯ. ಈ ಪ್ರೋಗ್ರಾಂ ಓಡಲು ಇನ್ನೇನೇನು ಬೇಕು ಎಂದು ಹೇಳುವ ಅವಲಂಬನೆಯ ಸಾಲು ಅದು. ನಮ್ಮ ರಸಪ್ರಶ್ನೆಗಾದರೆ ಪೈಥಾನ್ ಮತ್ತು ಪೈಕ್ಯೂಟಿ ಎರಡನ್ನೂ ಅಲ್ಲಿ ಬರೆಯಬೇಕು.

ಹಿಮ್ಮೇಳವನ್ನು ಹೊತ್ತು ತರದೆ, ‘ಇಂಥವರು ಬೇಕು’ ಎಂದು ಊರಿನವರಿಗೆ ಮೊದಲೇ ಚೀಟಿ ಕಳಿಸಿದ ಹಾಗೆ ಇದು. ಹಾಗಾಗಿ ಪ್ಯಾಕೇಜ್ ಚಿಕ್ಕದು. ಬೇಕಾದ್ದು ಇಲ್ಲದಿದ್ದರೆ ಎಪಿಟಿ ಎಂಬ ಸಾಧನ ನೆಟ್ಟಿನಿಂದ ತಂದುಕೊಡುತ್ತದೆ. ಯಾವ ಫೈಲ್ ಎಲ್ಲಿ ಕೂತಿದೆ ಎಂಬ ಪಟ್ಟಿಯೂ ಇರುವುದರಿಂದ ಬೇಡವಾದಾಗ ಚೊಕ್ಕಟವಾಗಿ ತೆಗೆಯಬಹುದು. ಇನ್ನೊಂದು ಖುಷಿಯ ಸಂಗತಿ: ಮೆನುವಿನಲ್ಲಿ ಕಾಣುವ ಹೆಸರನ್ನು ಹೇಳಲು ಒಂದು ಪುಟ್ಟ ಫೈಲ್ ಇರುತ್ತದೆ, ಅದರಲ್ಲಿ ಕನ್ನಡದ ಹೆಸರನ್ನು ಬೇರೆಯಾಗಿ ಬರೆಯಬಹುದು. ಕಂಪ್ಯೂಟರ್ ಕನ್ನಡದಲ್ಲಿದ್ದರೆ ಮೆನುವಿನಲ್ಲಿ ‘ವಿಜ್ಞಾನ ರಸಪ್ರಶ್ನೆ’ ಎಂದೇ ಕಾಣುತ್ತದೆ.

ಮೂರನೆಯದು ತಿರುಗಾಟದ ಮೇಳದ ದಾರಿ. ಭಾಗವತರು, ಹಿಮ್ಮೇಳ, ಪೆಟ್ಟಿಗೆ ಎಲ್ಲವನ್ನೂ ಲಾರಿಯಲ್ಲಿ ಹಾಕಿಕೊಂಡೇ ಹೊರಡುವುದು. ಪೈಇನ್‌ಸ್ಟಾಲರ್ ಎಂಬ ಉಚಿತ ಸಾಧನ ಈ ಕೆಲಸ ಮಾಡುತ್ತದೆ. ಅದು ನಿಮ್ಮ ಪ್ರೋಗ್ರಾಮಿನ ಇಂಪೋರ್ಟ್ ಸಾಲುಗಳನ್ನು ಓದುತ್ತದೆ. ಆ ಲೈಬ್ರರಿಗಳು ಮತ್ತೆ ಯಾವುದನ್ನು ಕರೆಯುತ್ತವೆ ಎಂದು ಹುಡುಕುತ್ತದೆ. ಸಿಕ್ಕಿದ್ದನ್ನೆಲ್ಲ, ಪೈಥಾನ್ ಇಂಟರ್‌ಪ್ರಿಟರಿನ ಸಮೇತ, ಒಂದು ಫೋಲ್ಡರಿಗೆ ತುಂಬಿ, ಎಲ್ಲವನ್ನೂ ಎಬ್ಬಿಸುವ ಒಂದು ಚಿಕ್ಕ ಪ್ರೋಗ್ರಾಮನ್ನು ಮುಂದೆ ಇಡುತ್ತದೆ. ಗೆಳೆಯನ ಕಂಪ್ಯೂಟರಿನಲ್ಲಿ ಪೈಥಾನ್ ಇಲ್ಲದಿದ್ದರೂ ಚಿಂತೆಯಿಲ್ಲ. ಬೆಲೆ ಏನೆಂದರೆ ಗಾತ್ರ. ಕೆಲವು ಕೆಬಿಯ ಪ್ರೋಗ್ರಾಂ ಹತ್ತಾರು ಎಂಬಿ ಆಗುತ್ತದೆ.

ದೊಡ್ಡ ತಂತ್ರಾಂಶಗಳೂ ಇದೇ ಉಪಾಯ ಮಾಡುತ್ತವೆ. ಪೈಥಾನ್ ಕಲಿಯುವವರಿಗಾಗಿ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಥಾನಿಯನ್ನು ವಿಂಡೋಸಿನಲ್ಲಿ ಹಾಕಿಕೊಂಡರೆ ಪೈಥಾನ್ ಅದರೊಳಗೇ ಬರುತ್ತದೆ. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಇ-ಪುಸ್ತಕಗಳ ತಂತ್ರಾಂಶ ಕ್ಯಾಲಿಬರ್ ಕೂಡ ಬಹುಪಾಲು ಪೈಥಾನಿನದೇ. ಅದನ್ನು ಬಳಸುವವರಿಗೆ ಪೈಥಾನ್ ಎಂಬ ಹೆಸರೂ ಗೊತ್ತಿರಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಬಿಟ್ಟುಹೋಗುವ ವಸ್ತುಗಳು

ಪೈಇನ್‌ಸ್ಟಾಲರ್ ಇಂಪೋರ್ಟ್ ಸಾಲುಗಳನ್ನು ಹಿಂಬಾಲಿಸುತ್ತದೆ, ಆದರೆ ನಿಮ್ಮ ಪ್ರಶ್ನೆಗಳ ಫೈಲ್ ಮತ್ತು ಚಿತ್ರಗಳು ಇಂಪೋರ್ಟ್ ಸಾಲಿನಲ್ಲಿ ಇರುವುದಿಲ್ಲ. ಅವನ್ನೂ ಸೇರಿಸು ಎಂದು ನೀವೇ ಹೇಳಬೇಕು. ಹೇಳದಿದ್ದರೆ ಕಿಟಕಿ ತೆರೆಯಬೇಕಾದಲ್ಲಿ ‘ಫೈಲ್ ಸಿಗಲಿಲ್ಲ’ ಎಂಬ ದೂರು ಬರುತ್ತದೆ. ಫೈಲಿನ ಜಾಗವನ್ನು ನಿಮ್ಮ ಲ್ಯಾಬಿನ ಫೋಲ್ಡರಿನ ಹೆಸರಿನಿಂದ ಬರೆದಿದ್ದರೂ ಇದೇ ಗತಿ. ಪ್ರೋಗ್ರಾಂ ತಾನು ಎಲ್ಲಿದ್ದೇನೆ ಎಂದು ನೋಡಿಕೊಂಡು, ಅಲ್ಲಿಂದ ಫೈಲನ್ನು ಹುಡುಕುವ ಹಾಗೆ ಬರೆಯಬೇಕು.

ಪೈಇನ್‌ಸ್ಟಾಲರಿನಲ್ಲಿ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟುವ ರೀತಿಯೂ ಉಂಟು. ನೋಡಲು ಅಚ್ಚುಕಟ್ಟು. ಆದರೆ ಪ್ರತಿ ಸಲ ತೆರೆದಾಗ ಅದು ತನ್ನನ್ನು ಒಂದು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ತೆರೆಯಲು ಹೊತ್ತು ಹಿಡಿಯುತ್ತದೆ. ಮುಚ್ಚಿದಾಗ ಆ ಫೋಲ್ಡರ್ ಅಳಿದುಹೋಗುತ್ತದೆ. ಮಕ್ಕಳು ಗಳಿಸಿದ ಅಂಕಗಳನ್ನು ನೀವು ಅಲ್ಲಿ ಬರೆಸಿದ್ದರೆ, ಅಂಕಗಳೂ ಮಾಯ! ಅಂಕಗಳನ್ನು ಯಾವಾಗಲೂ ಬಳಸುವವರ ಹೋಮ್ ಫೋಲ್ಡರಿನಲ್ಲಿ ಉಳಿಸಿ. ಡೆಬ್ ಪ್ಯಾಕೇಜಿಗೂ ಇದೇ ನಿಯಮ, ಯಾಕೆಂದರೆ ಪ್ರೋಗ್ರಾಂ ಕೂತಿರುವ ಜಾಗದಲ್ಲಿ ಸಾಮಾನ್ಯ ಬಳಕೆದಾರರಿಗೆ ಬರೆಯಲು ಅನುಮತಿ ಇರುವುದಿಲ್ಲ.

ಕೊಂಬು, ಒತ್ತಕ್ಷರ ಬಂದಲ್ಲಿ ನಿಲ್ಲುವ ಪ್ರೋಗ್ರಾಂ

ಇದು ಕನ್ನಡದಲ್ಲಿ ಬರೆಯುವ ನಾವು ವಿಶೇಷವಾಗಿ ತಿಳಿದಿರಬೇಕಾದ ವಿಷಯ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಒತ್ತು ಮೂಡಿಸುವ ಹಲಂತ, ಮತ್ತೆ ನ, ಡ ಹೀಗೆ 5 ಸಂಕೇತಗಳಿವೆ. ಒಟ್ಟು 15 ಬೈಟ್. ಲಿನಕ್ಸಿನಲ್ಲಿ ಪೈಥಾನ್ ಪಠ್ಯ ಫೈಲನ್ನು ಯುಟಿಎಫ್-8 ಎಂದೇ ಓದುತ್ತದೆ. ವಿಂಡೋಸಿನಲ್ಲಿ, ನೀವು ಬೇರೆ ಹೇಳದಿದ್ದರೆ, ಸಾಮಾನ್ಯವಾಗಿ 1252 ಎಂಬ ಹಳೆಯ ಪಶ್ಚಿಮ ಯುರೋಪಿನ ಕೋಷ್ಟಕದಂತೆ ಓದುತ್ತದೆ. ಅದರಲ್ಲಿ ಒಂದು ಬೈಟಿಗೆ ಒಂದು ಅಕ್ಷರ.

ಪರಿಣಾಮ ನೋಡಿ. ‘ಗಾಳಿ’ ಎಂಬ ಪದದ 12 ಬೈಟ್‌ಗಳು 12 ವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ. ‘ಬೆಳ್ಳಿ’ ಬಂದರೆ ಪ್ರೋಗ್ರಾಂ ನಿಂತೇಹೋಗುತ್ತದೆ. ಯಾಕೆ ಗೊತ್ತೇ? ಹಲಂತದ ಮೂರು ಬೈಟ್‌ಗಳು 224, 179, 141. ಆ ಕೋಷ್ಟಕದ 141ನೇ ಮನೆ ಖಾಲಿ! ಉಕಾರದ ಕೊಂಬಿನ ಕೊನೆಯ ಬೈಟ್ 129, ಆ ಮನೆಯೂ ಖಾಲಿ. ಹಾಗಾಗಿ ‘ಹಾಲು’ ಕೂಡ ಓದಲಾಗದು. ಒತ್ತಕ್ಷರವಾಗಲಿ ಕೊಂಬಾಗಲಿ ಇಲ್ಲದೆ ವಿಜ್ಞಾನದ ಪ್ರಶ್ನೆ ಬರೆಯಲು ಆಗ್ತದಾ?

ಪರಿಹಾರ ಒಂದೇ ಸಾಲಿನದು. ಫೈಲ್ ತೆರೆಯುವಾಗಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸುವವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ಇಂಗ್ಲಿಷ್ ಅಕ್ಷರಗಳು ಎರಡೂ ಪದ್ಧತಿಗಳಲ್ಲಿ ಒಂದೇ.

ಯಾವ ಕಂಪ್ಯೂಟರಿಗಾಗಿ ಕಟ್ಟುತ್ತೀರಿ?

ಕಾಸರಗೋಡಿನ ಶಾಲೆಯಲ್ಲಿ ಲಿನಕ್ಸ್ ಇದ್ದರೆ ಅಕ್ಕಲಕೋಟೆಯ ಶಾಲೆಯಲ್ಲಿ ವಿಂಡೋಸ್ ಇರಬಹುದು. ಪೈಇನ್‌ಸ್ಟಾಲರ್ ತಾನು ಕೂತ ವ್ಯವಸ್ಥೆಗೆ ಮಾತ್ರ ಕಟ್ಟಿಕೊಡುತ್ತದೆ. ವಿಂಡೋಸಿಗೆ ಬೇಕಾದರೆ ವಿಂಡೋಸಿನಲ್ಲೇ ಕಟ್ಟಬೇಕು. 64 ಬಿಟ್‌ನದನ್ನು 32 ಬಿಟ್ ವಿಂಡೋಸ್ ಓಡಿಸುವುದಿಲ್ಲ. ಪೈಥಾನ್ 3.9ರಿಂದ ಮುಂದಿನವು ವಿಂಡೋಸ್ 7ರಲ್ಲಿ ಓಡುವುದಿಲ್ಲ, ಹಳೆಯ ಲ್ಯಾಬಿಗೆ 3.8 ಬಳಸಬೇಕು. ಲಿನಕ್ಸಿನಲ್ಲಾದರೆ ನಿಮಗೆ ಸಿಗುವ ಹಳೆಯ ಆವೃತ್ತಿಯಲ್ಲಿ ಕಟ್ಟಿ. ಹಳೆಯದರಲ್ಲಿ ಕಟ್ಟಿದ್ದು ಸಾಮಾನ್ಯವಾಗಿ ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಎಷ್ಟೋ ಸಲ ಓಡುವುದಿಲ್ಲ.

ನಂಬಿಕೆಯ ಮಾತು

ನೀವು ಕೊಟ್ಟದ್ದನ್ನು ತೆರೆದಾಗ ವಿಂಡೋಸ್ ಎಚ್ಚರಿಕೆ ಕೊಡಬಹುದು, ಆಂಟಿವೈರಸ್ ತಡೆಯಲೂಬಹುದು. ಅದರಲ್ಲಿ ತಯಾರಿಸಿದವರ ಡಿಜಿಟಲ್ ಸಹಿ ಇಲ್ಲ, ಮೇಲಾಗಿ ಕೆಡುಕು ಮಾಡುವವರೂ ಇದೇ ಸಾಧನದಲ್ಲಿ ಪ್ರೋಗ್ರಾಂ ಕಟ್ಟುವುದುಂಟು. ‘ಆಂಟಿವೈರಸ್ ಆಫ್ ಮಾಡಿ’ ಎಂದು ಯಾರಿಗೂ ಹೇಳಬೇಡಿ. ಒಂದೇ ಫೈಲಿನ ಬದಲು ಫೋಲ್ಡರ್ ರೀತಿಯಲ್ಲಿ ಕಟ್ಟಿ ಕೊಡಿ, ಜೊತೆಗೆ ಮೂಲ ಪೈಥಾನ್ ಫೈಲನ್ನೂ ಇಡಿ. ನೋಡಬೇಕೆನ್ನುವವರು ತೆರೆದು ಓದಲಿ. ಪೈಕ್ಯೂಟಿಯನ್ನು ಉಚಿತವಾಗಿ ಬಳಸುವಾಗ ಅನ್ವಯಿಸುವ ಜಿಪಿಎಲ್ ಪರವಾನಗಿಯೂ, ಪ್ರೋಗ್ರಾಂ ಪಡೆದವರಿಗೆ ಮೂಲವನ್ನೂ ಕೊಡಿ ಎಂದೇ ಹೇಳುತ್ತದೆ.

ಮೂಲ ಕೊಡುವುದರಿಂದ ಇನ್ನೊಂದು ಲಾಭ ಉಂಟು. ಕೇರಳದ ಕನ್ನಡ ಪಠ್ಯಪುಸ್ತಕ, ಮಹಾರಾಷ್ಟ್ರದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಎರಡರಲ್ಲೂ ವಿಜ್ಞಾನದ ಪದಗಳು ಎಲ್ಲ ಕಡೆ ಒಂದೇ ಇರಬೇಕೆಂದಿಲ್ಲ. ಪ್ರಶ್ನೆಗಳು ಬೇರೆ ಫೈಲಿನಲ್ಲಿದ್ದರೆ ಅಲ್ಲಿಯ ಟೀಚರು ತಮ್ಮ ಪದ ಹಾಕಿಕೊಳ್ಳಬಹುದು, ಪ್ರೋಗ್ರಾಮನ್ನು ಮುಟ್ಟಬೇಕಾಗಿಲ್ಲ. ಗಡಿಯಾಚೆ ಹರಡಿಕೊಂಡ ನಮ್ಮ ಕನ್ನಡ ಶಾಲೆಗಳಿಗೆ ತಕ್ಕ ತಂತ್ರಾಂಶವನ್ನು ಹೊರಗಿನವರು ಮಾಡಿಕೊಡಲಿ ಎಂದು ಕಾಯುವುದಕ್ಕಿಂತ, ಒಂದು ಶಾಲೆಯಲ್ಲಿ ಮಾಡಿದ್ದು ಇನ್ನೊಂದಕ್ಕೆ ತಲುಪುವಂತೆ ಕಟ್ಟಲು ಕಲಿಯುವುದು ಹೆಚ್ಚು ಉಪಯೋಗ.

ಮಾಡಿ ನೋಡಿ

1. ಒಂದು ಫೈಲಿನಲ್ಲಿ ‘ಗಾಳಿ’, ಇನ್ನೊಂದರಲ್ಲಿ ‘ಬೆಳ್ಳಿ’ ಎಂದು ಬರೆದು ಯುಟಿಎಫ್-8ರಲ್ಲಿ ಉಳಿಸಿ. ಎನ್‌ಕೋಡಿಂಗ್ ಸಿಪಿ1252 ಎಂದು ಕೊಟ್ಟು ಪೈಥಾನಿನಲ್ಲಿ ಓದಿಸಿ. ಲಿನಕ್ಸಿನಲ್ಲೂ ಈ ಪ್ರಯೋಗ ಮಾಡಬಹುದು.

2. ಯಾವ ಅಕ್ಷರಗಳಲ್ಲಿ ಪ್ರೋಗ್ರಾಂ ನಿಲ್ಲುತ್ತದೆ, ಯಾವುದರಲ್ಲಿ ನಿಲ್ಲುವುದಿಲ್ಲ ಎಂದು ಪಟ್ಟಿ ಮಾಡಿ. ಏ, ಐ, ಝ ಇವನ್ನು ಬಿಡದೆ ಪರೀಕ್ಷಿಸಿ.

3. ನಿಮ್ಮ ಒಂದು ಪ್ರೋಗ್ರಾಂ ಓಡಲು ಏನೇನು ಬೇಕು ಎಂದು ಕಾಗದದ ಮೇಲೆ ಬರೆಯಿರಿ: ಪೈಥಾನಿನ ಆವೃತ್ತಿ, ಲೈಬ್ರರಿಗಳು, ಫೈಲುಗಳು, ಕನ್ನಡದ ಫಾಂಟ್.

4. ಅದನ್ನು ಕಟ್ಟಿ, ಪೈಥಾನ್ ಇಲ್ಲದ, ನೆಟ್ ಇಲ್ಲದ ಒಂದು ಕಂಪ್ಯೂಟರಿನಲ್ಲಿ ಓಡಿಸಿ. ಓಡಿಸುವ ಕೆಲಸ ಗೆಳೆಯನಿಗೋ ಗೆಳತಿಗೋ ಕೊಡಿ. ನೀವು ಪಕ್ಕದಲ್ಲಿ ಸುಮ್ಮನೆ ಕೂತು, ಅವರು ಎಲ್ಲಿ ತಡವರಿಸುತ್ತಾರೆ ಎಂದು ಮಾತ್ರ ಬರೆದುಕೊಳ್ಳಿ.

ಎಲ್ಲಿ ನಿಂತಿತು, ಹೇಗೆ ಸರಿಮಾಡಿದಿರಿ ಎಂಬುದನ್ನು ನಿಮ್ಮ ವಿಜ್ಞಾನ ಶಿಕ್ಷಕರ ಮೂಲಕ ನಮಗೆ ಬರೆದು ತಿಳಿಸಿ, ಆಯ್ತಾ?